ಜಪಾನಿನ ಬೀಗಿತ್ತಿಗೆ ‘ನೀವು ನಮಗೆ ಬಹಳ ಇಷ್ಟ’ ಎಂದು ಹೇಳುವುದು ಹೇಗೆ?

ಪ್ರಶ್ನೆ: ಶಿರಸಿ ಸೀಮೆಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿಯ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನನ್ನ ಮಗಳು ಒಸಾಕಾದಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲಿಯ ಹುಡುಗನನ್ನೇ ಮೆಚ್ಚಿಕೊಂಡಿದ್ದಾಳೆ. ಎರಡೂ ಮನೆಯವರು ಒಪ್ಪಿದ್ದೇವೆ. ಬರುವ ಭಾನುವಾರ ಹುಡುಗನ ತಾಯಿಯೊಂದಿಗೆ ವಿಡಿಯೊ ಕರೆಯಲ್ಲಿ ಮೊದಲ ಬಾರಿಗೆ ಮಾತನಾಡುವವಳಿದ್ದೇನೆ. ಮಗಳು ನಡುವೆ ಕುಳಿತು ಅತ್ತಿತ್ತ ತಿಳಿಸಿ ಹೇಳುತ್ತಾಳೆ, ನಿಜ. ಆದರೂ ಒಂದೆರಡು ಮಾತನ್ನು ಅವರ ಭಾಷೆಯಲ್ಲಿ ನನ್ನ ಬಾಯಿಂದಲೇ ಆಡಬೇಕೆಂಬ ಆಸೆ ನನಗಿದೆ.

ಹಿಂದಿನ ಸಲ ಮಗಳು ಊರಿಗೆ ಬಂದಾಗ ಆಲೆಮನೆಯ ಕಾಲವಾಗಿತ್ತು. ಒಲೆಯ ಮೇಲೆ ಮಗುಚಿಟ್ಟ ಮಡಕೆಯ ಬೆನ್ನಿಗೆ ಕಬ್ಬಿನ ಹಾಲಿನಲ್ಲಿ ಕಲಸಿದ ನೀರು ನೀರಾದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಎಳೆದು, ಕಾಗದದಂತೆ ಎದ್ದು ಬಂದದ್ದನ್ನು ಬಿಸಿಯಿರುವಾಗಲೇ ಮಡಚಿ, ಒಂದು ಡಬ್ಬದ ತುಂಬ ತೊಡದೇವು ಮಾಡಿ ಕಳಿಸಿದ್ದೆ. ಅದಕ್ಕೆ ಪ್ರತಿಯಾಗಿ ಆ ತಾಯಿ ‘ತೆನುಗುಯಿ’ ಎಂಬ ಹತ್ತಿಯ ಕೈವಸ್ತ್ರವನ್ನು ಕಳಿಸಿದ್ದಾರೆ. ಗಾಢ ನೀಲಿಯ ಮೇಲೆ ಬಿಳಿಯ ಅಲೆಗಳಿವೆ. ಎರಡು ಕೊನೆಗಳನ್ನು ಹೊಲಿಯದೆ ಹಾಗೆಯೇ ಬಿಟ್ಟಿದ್ದಾರೆ. ಜೊತೆಗಿದ್ದ ನಾಲ್ಕು ಸಾಲಿನ ಪತ್ರದಲ್ಲಿ ‘ತೊಡದೇವು ಗ ದೈಸುಕಿ ದೆಸು’, ಅಂದರೆ ‘ತೊಡದೇವು ಬಹಳ ಇಷ್ಟ’ ಎಂದಿತ್ತೆಂದು ಮಗಳು ಓದಿ ಹೇಳಿದಳು.

ನಾನು ಮೊಬೈಲಿನಲ್ಲಿ ಹುಡುಕಿ ‘ಐಶಿತೆ ಇಮಸು’ ಎಂಬುದನ್ನು ಎರಡು ದಿನ ಬಾಯಿಪಾಠ ಮಾಡಿದೆ. ಮಗಳಿಗೆ ಒಪ್ಪಿಸಿದಾಗ ಅವಳು ಗಾಬರಿಯಾಗಿ ‘ಆಯೀ, ಅದೊಂದು ಮಾತ್ರ ಹೇಳಡ’ ಎಂದಳು. ಕೆಲಸದ ಗಡಿಬಿಡಿಯಲ್ಲಿ ಕಾರಣ ಹೇಳಲು ಅವಳಿಗೆ ಸಮಯವಾಗಲಿಲ್ಲ. ಅದರಲ್ಲಿ ತಪ್ಪೇನಿದೆ? ಮತ್ತೊಂದು ಸಂಶಯವೆಂದರೆ, ತಿಂಡಿಗೂ ಮನುಷ್ಯರಿಗೂ ಒಂದೇ ‘ಸುಕಿ’ಯನ್ನು ಬಳಸಿದರೆ ಮನುಷ್ಯರನ್ನು ಹಗುರ ಮಾಡಿದಂತಾಗುವುದಿಲ್ಲವೆ? ನಾನು ಆಡಬಹುದಾದ ಸರಿಯಾದ ಮಾತುಗಳನ್ನು ಬಲ್ಲವರು ತಿಳಿಸಿಕೊಡಬೇಕೆಂದು ವಿನಂತಿ.

ಉತ್ತರ: ಹೊನ್ನಾವರದವರು, ಬೆಂಗಳೂರಿನಲ್ಲಿ ಜಪಾನಿ ಭಾಷೆ ಕಲಿಸುವವರು

ಅಕ್ಕೋರೇ, ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ‘ಐಶಿತೆ ಇಮಸು’ ವ್ಯಾಕರಣದ ಪ್ರಕಾರ ಶುದ್ಧವಾದ ವಾಕ್ಯವೇ ಆಗಿದೆ, ಆದರೆ ಅದರ ತೂಕ ಬೇರೆ. ‘ಐ’ ಎಂಬುದು ಚೀನಾದಿಂದ ಬಂದ, ಪ್ರೀತಿ ಎಂಬರ್ಥದ ಪದ. ಅದಕ್ಕೆ ‘ಮಾಡು’ ಎಂಬರ್ಥದ ‘ಸುರು’ ಸೇರಿ ‘ಐಸುರು’ ಎಂಬ ಕ್ರಿಯಾಪದವಾಗಿದೆ. ನಾವು ಸಂಸ್ಕೃತದ ‘ಪ್ರೀತಿ’ಗೆ ‘ಇಸು’ ಹಚ್ಚಿ ‘ಪ್ರೀತಿಸು’ ಎಂದು ಮಾಡಿಕೊಂಡಂತೆಯೇ ಇದು. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬ ವಾಕ್ಯ ಪುಸ್ತಕದಲ್ಲಿದೆ, ಸಿನಿಮಾದಲ್ಲಿದೆ. ನಮ್ಮ ಮನೆಗಳ ಜಗಲಿಯಲ್ಲಿ ಅದನ್ನು ಯಾರ ಬಾಯಲ್ಲೂ ನಾನು ಕೇಳಿಲ್ಲ. ಜಪಾನಿನಲ್ಲಿಯೂ ಇದರ ಸಲುಗೆಯ ರೂಪವಾದ ‘ಐಶಿತೆರು’ ಎಂಬ ಮಾತು ಗಂಡ ಹೆಂಡಿರ ನಡುವೆ ಕೂಡ ಅಪರೂಪವಾದದ್ದು, ಜೀವನದ ಗಂಭೀರ ಗಳಿಗೆಗಾಗಿ ತೆಗೆದಿಟ್ಟದ್ದು. ಮೊದಲ ಭೇಟಿಯಲ್ಲಿ ಬೀಗಿತ್ತಿಯ ಬಾಯಿಂದ ಅದನ್ನು ಕೇಳಿದರೆ ಆ ತಾಯಿಗೆ ಏನು ಉತ್ತರಿಸಬೇಕೆಂದೇ ತೋಚಲಿಕ್ಕಿಲ್ಲ.

‘ಸುಕಿ’ಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ಕನ್ನಡಿಗರಿಗೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಇಂಗ್ಲಿಷಿನ ಮೂಲಕ ಕಲಿಯಲು ಹೋಗಿ ನಾವೇ ಕಳೆದುಕೊಳ್ಳುತ್ತೇವೆ. ‘ಸುಕಿ’ ಕ್ರಿಯಾಪದವಲ್ಲ. ‘ನನಗೆ ಕಾಫಿ ಇಷ್ಟ’ ಎಂಬಲ್ಲಿಯ ‘ಇಷ್ಟ’ ಹೇಗೋ ಅದೂ ಹಾಗೆಯೇ. ‘ವತಾಶಿ ವ ಕೋಹೀ ಗ ಸುಕಿ ದೆಸು’ ಎಂಬ ವಾಕ್ಯದಲ್ಲಿ ಕಾಫಿಗೆ ಕರ್ತೃವಿನ ಗುರುತಾದ ‘ಗ’ ಹತ್ತುತ್ತದೆ, ಕರ್ಮದ ಗುರುತಾದ ‘ಒ’ ಹತ್ತುವುದಿಲ್ಲ. ನಮ್ಮಲ್ಲಿ ‘ನನಗೆ ಕಾಫಿಯನ್ನು ಇಷ್ಟ’ ಎಂದು ಮಗುವೂ ಹೇಳುವುದಿಲ್ಲ. ಆದರೆ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಯೋಚಿಸಿ ಬರೆಯುವ ನನ್ನ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಆ ‘ಒ’ವನ್ನು ಹಚ್ಚುತ್ತಲೇ ಇರುತ್ತಾರೆ. ಕನ್ನಡದಲ್ಲಿ ಯೋಚಿಸಿದ ದಿನ ಆ ತಪ್ಪು ತಾನಾಗಿ ನಿಲ್ಲುತ್ತದೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು: ನಮ್ಮ ‘ನನಗೆ’ ಚತುರ್ಥಿಯಲ್ಲಿದೆ, ಅವರ ‘ವತಾಶಿ ವ’ ಎಂಬುದು ‘ನನ್ನ ಮಟ್ಟಿಗೆ ಹೇಳುವುದಾದರೆ’ ಎಂಬ ಧಾಟಿಯದು, ಮಾತಿನಲ್ಲಿ ಅದನ್ನು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತಾರೆ. ‘ದೈಸುಕಿ’ಯ ಮೊದಲಿನ ‘ದೈ’ ಎಂದರೆ ದೊಡ್ಡದು, ಹಾಗಾಗಿ ಅದು ‘ಬಹಳ ಇಷ್ಟ’.

ತಿಂಡಿಗೂ ಮನುಷ್ಯರಿಗೂ ಒಂದೇ ಪದವಾಯಿತೆಂದು ನೀವು ಅಳುಕಬೇಕಾಗಿಲ್ಲ. ನಮ್ಮ ‘ಇಷ್ಟ’ ಕೂಡ ಅಪ್ಪೆಹುಳಿಗೂ ಆಗುತ್ತದೆ, ಅಜ್ಜಿಗೂ ಆಗುತ್ತದೆ. ಎಲ್ಲವೂ ಯಾರು ಯಾರೆದುರು ಹೇಳಿದರು ಎಂಬುದರ ಮೇಲೆ ನಿಂತಿದೆ. ಹುಡುಗನೊಬ್ಬ ಹುಡುಗಿಯ ಎದುರು ನಿಂತು ಬರಿಯ ‘ಸುಕಿ ದೆಸು’ ಎಂದರೆ ಅದು ಪ್ರೇಮ ನಿವೇದನೆ. ಅದಕ್ಕೆ ‘ಕೊಕುಹಕು’ ಎಂಬ ಹೆಸರೇ ಇದೆ, ಮತ್ತು ಅದರ ಹಿಂದೆಯೇ ‘ತ್ಸುಕಿಅತ್ತೆ ಕುದಸೈ’, ಅಂದರೆ ‘ನನ್ನ ಜೊತೆಗಾರ್ತಿಯಾಗು’ ಎಂಬ ಮಾತು ಬರುತ್ತದೆ. ಆದ್ದರಿಂದ ಬೀಗಿತ್ತಿಗೆ ನೇರವಾಗಿ ‘ನೀವು ಸುಕಿ’ ಎನ್ನುವುದು ಬೇಡ. ‘ಅನತ’, ಅಂದರೆ ‘ನೀವು’ ಎಂಬ ಪದವೂ ಬೇಡ. ಹೆಸರು ಗೊತ್ತಿರುವವರನ್ನು ಹೆಸರಿಗೆ ‘ಸಾನ್’ ಸೇರಿಸಿ ಕರೆಯುವುದೇ ಅಲ್ಲಿಯ ಮರ್ಯಾದೆ.

ವಸ್ತ್ರದ ಬಗ್ಗೆ ಹೇಳಲು ‘ಕಿ ನಿ ಇರಿಮಶಿತ’ ಎಂಬ ಮಾತಿದೆ. ‘ಕಿ’ ಎಂದರೆ ಮನಸ್ಸು, ‘ಇರು’ ಎಂದರೆ ಒಳಹೋಗು. ನಮ್ಮ ‘ಮನಸ್ಸಿಗೆ ಹಿಡಿಸಿತು’ ಎಂಬುದರ ನೆರೆಮನೆಯ ಮಾತು. ಆದರೆ ಅದರಲ್ಲಿ ನೋಡಿ ಪರೀಕ್ಷಿಸಿ ಒಪ್ಪಿಗೆ ಕೊಟ್ಟ ಛಾಯೆ ಸ್ವಲ್ಪ ಇರುವುದರಿಂದ ಗೌರವದಿಂದ ಕಾಣಬೇಕಾದವರ ಉಡುಗೊರೆಗೆ ನಾನು ಅದನ್ನು ಸೂಚಿಸುವುದಿಲ್ಲ. ನೀವು ‘ತೈಸೆತ್ಸು ನಿ ತ್ಸುಕೈಮಸು’ ಎನ್ನಿರಿ. ಇದನ್ನು ಜೋಪಾನವಾಗಿ, ಬೆಲೆಬಾಳುವ ವಸ್ತುವೆಂದು ತಿಳಿದು ಬಳಸುತ್ತೇನೆ ಎಂದು ಅರ್ಥ. ಉಡುಗೊರೆ ಕೊಟ್ಟವರ ಮನಸ್ಸು ತುಂಬುವ ಮಾತು ಅದು. ಹುಡುಗನನ್ನು ಕುರಿತು ಅವನ ಹೆಸರಿಗೆ ‘ಸಾನ್ ವ’ ಸೇರಿಸಿ, ‘ವತಾಶಿತಚಿ ನೊ ತೈಸೆತ್ಸು ನ ಕಜ಼ೊಕು ದೆಸು’ ಎನ್ನಬಹುದು. ಅವನು ನಮಗೆ ಅಮೂಲ್ಯನಾದ ಮನೆಯವನು ಎಂದಾಗುತ್ತದೆ. ಮಾತಿನ ಆರಂಭಕ್ಕೆ ‘ಒ-ಐ ದೆಕಿತೆ ಉರೆಶೀ ದೆಸು’, ಅಂದರೆ ‘ನಿಮ್ಮ ಭೇಟಿಯಾದದ್ದು ಸಂತೋಷ’ ಎಂಬುದು ಚೆನ್ನಾಗಿರುತ್ತದೆ. ಇಲ್ಲಿಯ ‘ಐ’ ಪ್ರೀತಿಯಲ್ಲ, ಭೇಟಿ. ನಿಮ್ಮ ವಸ್ತ್ರದಲ್ಲಿರುವಂಥ ಗಾಢ ನೀಲಿಯನ್ನು ಕೊಡುವ, ಎಲೆಗಳಿಂದ ತೆಗೆಯುವ ಬಣ್ಣಕ್ಕೂ ಅಲ್ಲಿ ‘ಐ’ ಎಂದೇ ಹೆಸರು. ಮೂರಕ್ಕೂ ಬರೆಯುವ ಚಿತ್ರಾಕ್ಷರಗಳು ಬೇರೆ ಬೇರೆ.

ಉಚ್ಚಾರಣೆಯಲ್ಲಿ ಒಂದು ಎಚ್ಚರಿಕೆ: ‘ಸುಕಿ’ಯ ಉಕಾರ ಪಿಸುಮಾತಿನಷ್ಟು ಮೆಲ್ಲಗಾಗಿ ‘ಸ್ಕಿ’ ಎಂದೇ ಕೇಳುತ್ತದೆ. ‘ದೆಸು’ ಕೂಡ ‘ದೆಸ್’ ಆಗುತ್ತದೆ, ‘ತ್ಸುಕೈಮಸು’ವಿನ ಕೊನೆಯೂ ಹಾಗೆಯೇ.

ಉತ್ತರ: ಕಾರವಾರದ ಕೊಂಕಣಿ ಮಾತೃಭಾಷಿಕರು, ಇತಿಹಾಸದ ಓದುಗರು

ಹೊನ್ನಾವರದವರು ಸೂಚಿಸಿದ ‘ತೈಸೆತ್ಸು’ ಪದಕ್ಕೆ ನಮ್ಮ ಈ ಕರಾವಳಿಯ ಪಕ್ಕದಲ್ಲಿ ಹಾದುಹೋದ ಒಂದು ಕಥೆಯಿದೆ, ಅದನ್ನು ಅಕ್ಕನವರಿಗೆ ಹೇಳಲೇಬೇಕು. ಹಳೆ ಗೋವಾದ ಬಾಸಿಲಿಕಾದಲ್ಲಿ ಯಾರ ಪಾರ್ಥಿವ ಶರೀರವನ್ನು ಇರಿಸಿದ್ದಾರೋ ಆ ಫ್ರಾನ್ಸಿಸ್ ಜೇವಿಯರ್ 1549ರ ಏಪ್ರಿಲ್‌ನಲ್ಲಿ ಗೋವಾದಿಂದ ಹೊರಟು, ಅದೇ ವರ್ಷದ ಆಗಸ್ಟ್ 15ರಂದು ಜಪಾನಿನ ಕಗೊಶಿಮಾವನ್ನು ತಲುಪಿದರು. ಅವರ ಹಿಂದೆ ಹೋದ ಜೆಸ್ಯುಯಿಟ್ ಪಾದ್ರಿಗಳಿಗೆ ದೇವರ ಪ್ರೀತಿಗೆ ಜಪಾನಿಯಲ್ಲಿ ಏನೆನ್ನಬೇಕೆಂಬುದೇ ದೊಡ್ಡ ತೊಡಕಾಯಿತು. ‘ಐ’ ಎಂಬ ಪದವಿತ್ತು, ಆದರೆ ಬೌದ್ಧರ ಬಳಕೆಯಲ್ಲಿ ಅದಕ್ಕೆ ತೃಷ್ಣೆ, ಬಿಡಿಸಿಕೊಳ್ಳಬೇಕಾದ ಮೋಹ ಎಂಬ ಅರ್ಥವಿತ್ತು. ಆಗ ಅವರು ಆರಿಸಿಕೊಂಡದ್ದು ‘ತೈಸೆತ್ಸು’ವನ್ನು, ಮುಂದೆ ಗೌರವದ ‘ಗೊ’ ಸೇರಿಸಿ ‘ಗೊತೈಸೆತ್ಸು’ ಎಂದರು. ಯುರೋಪಿನಿಂದ ಗೋವಾದ ದಾರಿಯಾಗಿ 1590ರಲ್ಲಿ ಜಪಾನಿಗೆ ತಲುಪಿದ ಮುದ್ರಣಯಂತ್ರದಲ್ಲಿ ಅವರ ಪುಸ್ತಕಗಳು ಅಚ್ಚಾದವು, 1603ರಲ್ಲಿ ನಾಗಸಾಕಿಯಿಂದ ಜಪಾನಿ–ಪೋರ್ಚುಗೀಸ್ ನಿಘಂಟೂ ಹೊರಬಂದಿತು. ಕಾಳಿ ನದಿ ದಾಟಿ ಹಳೆ ಗೋವಾಕ್ಕೆ ಹೋಗುವಾಗಲೆಲ್ಲ ನನಗೆ ಈ ಪದ ನೆನಪಾಗುತ್ತದೆ.

ನಮ್ಮ ಕೊಂಕಣಿಯಲ್ಲಿ ಪ್ರೀತಿಗೆ ‘ಮೋಗ್’ ಎನ್ನುತ್ತೇವೆ. ‘ಮಾಕಾ ಆವಡ್ತಾ’ ಎಂದರೆ ‘ನನಗೆ ಹಿಡಿಸುತ್ತದೆ’. ಅಲ್ಲಿಯೂ ‘ನಾನು’ ಅಲ್ಲ, ‘ನನಗೆ’. ಇಷ್ಟಪಡುವವನು ಹಿಂದೆ ಸರಿದು, ಇಷ್ಟವಾದದ್ದು ವಾಕ್ಯದ ನಡುಮನೆಯಲ್ಲಿ ಕುಳಿತುಕೊಳ್ಳುವ ಈ ರೀತಿ ನನಗೆ ಬಹಳ ಪ್ರಿಯವಾದದ್ದು.

ಒಂದು ಮಾತನ್ನು ಮಾತ್ರ ಸೇರಿಸಬೇಕು. ಹೊನ್ನಾವರದವರ ಉತ್ತರವನ್ನು ಓದಿದ ಕೆಲವರಿಗೆ ಜಪಾನಿಯರು ಪ್ರೀತಿಯನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ ಎಂದು ತೋರಬಹುದು; ಅದು ಸರಿಯಲ್ಲ. ಮಕ್ಕಳು ತಾಯಿಯ ಕೊರಳಿಗೆ ಜೋತುಬಿದ್ದು ‘ಒಕಾಸಾನ್, ದೈಸುಕಿ’ ಎನ್ನುತ್ತಾರೆ. ದೂರ ಹೊರಟವರಿಗೆ ‘ಕಿ ಒ ತ್ಸುಕೆತೆ ನೆ’, ಅಂದರೆ ಜಾಗ್ರತೆ ಎನ್ನುತ್ತಾರೆ. ಅಕ್ಕನವರ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ‘ಆಸರಿಗೆ ಬೇಕಾ’, ಅಂದರೆ ಕುಡಿಯಲು ಏನಾದರೂ ಬೇಕೆ ಎಂದು ಕೇಳುವುದರಲ್ಲಿ ಅಕ್ಕರೆ ಇಲ್ಲವೆಂದು ಯಾರು ಹೇಳಿಯಾರು? ಇಂದು ‘ದುಃಖಕರ’ ಎಂಬ ಅರ್ಥವಿರುವ ‘ಕನಶೀ’ ಪದಕ್ಕೆ ಹಳೆಯ ಜಪಾನಿ ಕಾವ್ಯದಲ್ಲಿ ‘ಮುದ್ದಾದ, ಕರುಳಿಗೆ ಹತ್ತಿರವಾದ’ ಎಂಬ ಅರ್ಥವೂ ಇತ್ತು. ಕರುಳು ಹಿಂಡುವ ಪ್ರೀತಿ ಎಂದರೆ ಏನೆಂದು ಆ ಜನರಿಗೆ ಹಿಂದಿನಿಂದಲೂ ಗೊತ್ತಿದೆ.

ಉತ್ತರ: ಕುಮಟಾದ ವಿದ್ಯಾರ್ಥಿ

ನಾನು ಡಿಸೆಂಬರ್‌ನಲ್ಲಿ ಜಪಾನಿ ಭಾಷೆಯ ಮೊದಲ ಹಂತದ ಎನ್5 ಪರೀಕ್ಷೆಗೆ ಕೂರುವವನು. ‘ತ್ಸುಕಿ ಗ ಕಿರೇ ದೆಸು ನೆ’, ಅಂದರೆ ‘ಚಂದ್ರ ಎಷ್ಟು ಚೆಂದವಿದ್ದಾನಲ್ಲವೆ’ ಎಂದರೆ ಪ್ರೀತಿಯನ್ನು ಹೇಳಿದಂತೆ ಎಂದು ಜಪಾನಿನ ಕಾದಂಬರಿಕಾರ ನತ್ಸುಮೆ ಸೋಸೆಕಿ ಕಲಿಸಿದ್ದರಂತೆ. ಅಮ್ಮ ಅದನ್ನೂ ಹೇಳಬಹುದಲ್ಲವೆ? ಇನ್ನೊಂದು, ಸಿಹಿಯೆಂದರೆ ಪ್ರಾಣ ಎನ್ನುವವರಿಗೆ ಜಪಾನಿಯಲ್ಲಿ ‘ಅಮೈ ಮೊನೊ ನಿ ಮೆ ಗ ನೈ’ ಎನ್ನುತ್ತಾರೆಂದು ಮೊನ್ನೆ ಕಲಿತೆ. ಸಿಹಿಯ ವಿಷಯದಲ್ಲಿ ‘ಕಣ್ಣೇ ಇಲ್ಲ’ ಎಂಬುದು ಅದರ ಪದಶಃ ಅರ್ಥ.

ಉತ್ತರ: ಹೊನ್ನಾವರದವರು

ತಮ್ಮಾ, ಚಂದ್ರನ ಮಾತು ಸುಂದರವಾಗಿದೆ, ಜಪಾನಿನಲ್ಲಿ ಎಲ್ಲರಿಗೂ ಗೊತ್ತಿದೆ. ಆದರೆ ಸೋಸೆಕಿಯವರ ಬರಹಗಳಲ್ಲಿ ಅದಕ್ಕೆ ಆಧಾರವಿಲ್ಲ. ಅವರು ತೀರಿಕೊಂಡದ್ದು 1916ರಲ್ಲಿ, ಕಥೆ ಹಬ್ಬಿದ್ದು ಬಹಳ ವರ್ಷಗಳ ಮೇಲೆ. ಅದು ಪ್ರೇಮಿಗಳ ಮಾತೆಂದು ಪ್ರಸಿದ್ಧವಾಗಿರುವುದರಿಂದ ಅಕ್ಕೋರಿಗೆ ಬೇಡ. ‘ಮೆ ಗ ನೈ’ ಸರಿಯಾಗಿದೆ. ಬೀಗಿತ್ತಿಯವರೇ ತೊಡದೇವಿನ ವಿಷಯದಲ್ಲಿ ತಮ್ಮ ಬಗ್ಗೆ ಹಾಗೆ ಹೇಳಿಕೊಂಡರೆ ಇನ್ನೊಂದು ಡಬ್ಬ ಕಳಿಸಬೇಕೆಂದು ಅರ್ಥಮಾಡಿಕೊಳ್ಳಬಹುದು.

ಪ್ರಶ್ನೆ ಕೇಳಿದವರು: ಶಿರಸಿ ಸೀಮೆಯ ತಾಯಿ

ನಿಮ್ಮೆಲ್ಲರಿಗೂ ನಾನು ಋಣಿ. ನಿನ್ನೆ ಮಾತುಕತೆ ಆಯಿತು. ಮೂರು ವಾಕ್ಯಗಳನ್ನು ಕನ್ನಡದ ಅಕ್ಷರದಲ್ಲಿ ದೊಡ್ಡದಾಗಿ ಬರೆದು ಮೊಬೈಲಿನ ಹಿಂದೆ ಗೋಡೆಗೆ ಅಂಟಿಸಿಕೊಂಡಿದ್ದೆ. ತೆನುಗುಯಿಯನ್ನು ತೊಡೆಯ ಮೇಲೆ ಹಾಸಿಕೊಂಡು ‘ತೈಸೆತ್ಸು ನಿ ತ್ಸುಕೈಮಸ್’ ಎಂದೆ. ಅವರು ಎರಡು ಕೈಗಳನ್ನೂ ಎದೆಯ ಹತ್ತಿರ ತಂದರು. ಆಮೇಲೆ ಹುಡುಗನ ಹೆಸರು ಹಿಡಿದು ‘ತೈಸೆತ್ಸು ನ ಕಜ಼ೊಕು ದೆಸ್’ ಎಂದಾಗ ಅವರು ತಲೆಬಾಗಿಸಿ ‘ಕೊಚಿರ ಕೊಸೊ’ ಎಂದು ಎರಡು ಸಲ ಹೇಳಿದರು. ಆ ಹೊತ್ತಿಗೆ ನನ್ನ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು, ಅರ್ಥ ಹೇಳುವುದು ತಪ್ಪಿಹೋಯಿತು. ಅದೇನೆಂದು ತಿಳಿಸುವಿರಾ?

ಉತ್ತರ: ಹೊನ್ನಾವರದವರು

ಅಕ್ಕೋರೇ, ‘ಕೊಚಿರ’ ಎಂದರೆ ಈ ಕಡೆ. ‘ಕೊಸೊ’ ಎಂಬುದು ‘ನಾನೇ’, ‘ನಾವೇ’ ಎನ್ನುವಾಗ ನಾವು ಹಚ್ಚುವ ‘ಏ’ಕಾರದಂತೆ ಒತ್ತು ಕೊಡುವ ಪದ. ಆ ಮಾತನ್ನು ಹೇಳಬೇಕಾದವರು ನೀವಲ್ಲ, ನಾವೇ ಎಂದು ಅವರು ನಿಮಗೆ ಹೇಳಿದ್ದಾರೆ.