ಕುರಿ ಉಣ್ಣೆ ಗಿಡದ ಬುಡಕ್ಕೋ, ಮಗ್ಗಕ್ಕೋ?

ಮಹಡಿತೋಟ_ಜಯನಗರ
ಹೆಸರಘಟ್ಟದ ಕಡೆ ಬಯಲಲ್ಲಿ ಬೀಡು ಬಿಟ್ಟಿದ್ದ ಕುರಿಗಾಹಿಗಳು ಉಣ್ಣೆ ಕತ್ತರಿಸಿ ಬೇಲಿ ಪಕ್ಕ ಸುರೀತಿದ್ರು. "ಕೊಳ್ಳೋರಿಲ್ಲ, ಬೇಕಾದ್ರೆ ಒಯ್ಯಿರಿ" ಅಂದ್ರು. ಎರಡು ಗೋಣಿಚೀಲ ತಂದಿದ್ದೀನಿ. ಹೊರದೇಶಗಳಲ್ಲಿ ಇಂಥ ಉಣ್ಣೆಯನ್ನ ಒತ್ತಿ ಗುಳಿಗೆ ಮಾಡಿ ಗೊಬ್ಬರ ಅಂತ ಮಾರ್ತಾರೆ. ನಮ್ಮ ಪಾಲಿಕೆಯವರೂ ಊರಾಚೆ ಒಂದು ಘಟಕ ಹಾಕಿ ಕೋಳಿ ಅಂಗಡಿ ತ್ಯಾಜ್ಯ, ಉಣ್ಣೆ, ಎಲುಬು ಎಲ್ಲ ಒಟ್ಟಿಗೆ ಗೊಬ್ಬರ ಮಾಡಬಾರದಾ? ಕೆರೆ ಏರಿ ಮೇಲೆ ಮೂಟೆ ಎಸೆಯೋದಾದ್ರೂ ತಪ್ಪುತ್ತೆ.

ಕೊಟ್ಟಿಗೆ_ಡಾಕ್ಟರು
"ಎಲ್ಲ ಒಟ್ಟಿಗೆ" ಅಂದಲ್ಲೇ ಕೆಡುತ್ತೆ. ಕೋಳಿ ತ್ಯಾಜ್ಯದಲ್ಲಿ ನೀರೇ ಹೆಚ್ಚು, ಕೆಲವೇ ಗಂಟೆಯಲ್ಲಿ ಕೊಳೆಯುತ್ತೆ. ಅದಕ್ಕೆ ರೆಂಡರಿಂಗ್ ಬೇಕು: ಮುಚ್ಚಿದ ಪಾತ್ರೆಯಲ್ಲಿ ಹಬೆಯ ಒತ್ತಡಕ್ಕೆ ಬೇಯಿಸಿ, ಕೊಬ್ಬು ಬೇರೆ, ಒಣ ಹಿಟ್ಟು ಬೇರೆ ಮಾಡೋದು. ಯುರೋಪಿನಲ್ಲಿ ಇದರ ಕಟ್ಟುನಿಟ್ಟಿನ ವಿಧಾನ 133 ಡಿಗ್ರಿ ಸೆಲ್ಸಿಯಸ್, 3 ಬಾರ್ ಒತ್ತಡ, 20 ನಿಮಿಷ. ಬ್ರಿಟನ್ನಿನಲ್ಲಿ 1986ರಲ್ಲಿ ಹುಚ್ಚು ಹಸು ರೋಗ ಪತ್ತೆಯಾಗಿ, ಮಾಂಸ-ಮೂಳೆ ಹಿಟ್ಟನ್ನ ದನಕ್ಕೇ ತಿನ್ನಿಸಿದ್ದರಿಂದ ಹರಡಿತು ಅಂತ ಗೊತ್ತಾದ ಮೇಲೆ ಬಂದ ಬಿಗಿ ಇದು. ನಾಯಿ ಆಹಾರ, ಗೊಬ್ಬರ, ಬಯೋಡೀಸೆಲ್ ಎಲ್ಲ ಆಗುತ್ತೆ, ತಾಜಾ ಸಿಕ್ಕಿದರೆ. ನಮ್ಮಲ್ಲಿ ಕೈಕೊಡೋದು ಯಂತ್ರಕ್ಕಿಂತ ಸಂಗ್ರಹ. ರಾತ್ರಿ ಗಾಡಿ ಬರದಿದ್ರೆ ಮೂಟೆ ಕೆರೆಗೋ, ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋ ಹೊಂಡಕ್ಕೋ ಹೋಗುತ್ತೆ.

ಉಣ್ಣೆ ಕಥೆ ಬೇರೆ. ಅದು ಬಹುತೇಕ ಕೆರಾಟಿನ್, ಅಂದ್ರೆ ನಮ್ಮ ಕೂದಲು, ಉಗುರಿನಲ್ಲಿರೋ ಪ್ರೋಟೀನೇ. ತೊಳೆದ ಉಣ್ಣೆಯಲ್ಲಿ ಶೇ 16ರ ಆಸುಪಾಸು ಸಾರಜನಕ ಇರುತ್ತೆ, ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ 1 ಕೂಡ ಇರಲ್ಲ. ಆದ್ರೆ ಮಣ್ಣಲ್ಲಿ ಕರಗೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಮೇಲೆ ಹಾಸಬೇಡಿ, ಕಾಗೆ ಎತ್ತಿಕೊಂಡು ಹೋಗುತ್ತೆ. ತುಂಡು ಮಾಡಿ ನಾಲ್ಕು ಬೆರಳು ಆಳಕ್ಕೆ ಹೂಳಿ. ಉಣ್ಣಿ ಔಷಧದಲ್ಲಿ ಕುರಿ ಅದ್ದಿ ಎಷ್ಟು ದಿನ ಆಯ್ತು ಅಂತ ಕೇಳಿ, ಹೊಸದಾಗಿ ಅದ್ದಿದ್ದು ಸೊಪ್ಪಿನ ಕುಂಡಕ್ಕೆ ಬೇಡ. ಸತ್ತ ಕುರಿಯ ಉಣ್ಣೆ ಮುಟ್ಟಲೇಬೇಡಿ. ಅದು ಆಂಥ್ರಾಕ್ಸ್ ರೋಗಕ್ಕೆ ಸತ್ತಿದ್ರೆ ಉಣ್ಣೆಯಲ್ಲೂ ಬೀಜಾಣು ಇರಬಹುದು, ಮಣ್ಣಲ್ಲಿ ದಶಕಗಟ್ಟಲೆ ಬದುಕುತ್ತೆ.

ಚಳ್ಳಕೆರೆ_ಹುಡ್ಗ
ಡಾಕ್ಟ್ರೇ, ಎಲ್ಲಾ ಸರಿ. ಆದ್ರೆ ಉಣ್ಣೆ ಅಂದ ತಕ್ಷಣ ಎಲ್ರೂ ಗೊಬ್ಬರದ ಗುಂಡಿಗೇ ಯಾಕೆ ಇಳಿದ್ರಿ? ನಮ್ಮಜ್ಜಿ ಮನೇಲಿ ಈಗ್ಲೂ ಕುಣಿಮಗ್ಗ ಐತೆ, ನೆಲದ ಗುಂಡೀಲಿ ಕಾಲು ಇಳಿಬಿಟ್ಟು ನೇಯೋದು. ಡೆಕ್ಕನಿ ಕುರಿ ಉಣ್ಣೆ ಒರಟು, ಸ್ವೆಟರ್ ಮಾಡಿದ್ರೆ ಮೈ ಚುಚ್ಚುತ್ತೆ. ಕಂಬಳಿಗೆ ಅದೇ ಬೇಕು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ ಗಂಜಿ ಕಾಯಿಸ್ತಾರೆ. ಹಾಸು ನೂಲನ್ನ ಬೀದಿ ಉದ್ದಕ್ಕೂ ಬಿಗಿದು ಕಟ್ಟಿ, ಕುಂಚದಲ್ಲಿ ಆ ಗಂಜಿ ಎಳೆದು ಒಣಗಿಸ್ತಾರೆ. ಎಳೆ ತಂತಿ ಥರ ನಿಲ್ಲುತ್ತೆ. ಒತ್ತಾಗಿ ನೇಯ್ದ ಕಂಬಳೀನ ಕೊಪ್ಪೆ ಹಾಕ್ಕೊಂಡು ಮಳೇಲಿ ಕುರಿ ಕಾಯ್ತಾರೆ, ಸಣ್ಣ ಮಳೆಗೆ ಒಳಗೆ ಹನಿ ಇಳಿಯಲ್ಲ. ಬಣ್ಣ ಹಾಕೋ ಕೆಲ್ಸನೂ ಇಲ್ಲ, ಕಪ್ಪು ಕುರಿದೇ.

ವೇದಿಕೆ ಮೇಲೆ ದೊಡ್ಡೋರ ಹೆಗಲಿಗೆ ಕಂಬಳಿ ಹೊದಿಸ್ತಾರಲ್ಲ, ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾದ್ರೆ ಉಣ್ಣೆ. ಕರಗಿ ಗಟ್ಟಿ ಮಣಿ ಆದ್ರೆ ಪ್ಲಾಸ್ಟಿಕ್.

ಬಿನ್ನಿಪೇಟೆ_ಮೊಮ್ಮಗ
ಇದೇ ಊರಲ್ಲಿ 1884ರಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಶುರುವಾಯ್ತು, ಆಮೇಲೆ ಬಿನ್ನಿಯವರ ಕೈಗೆ ಹೋಯ್ತು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟು, ಮಾಲು. ಅಷ್ಟು ದೊಡ್ಡ ಗಿರಣಿಯೇ ಉಳೀಲಿಲ್ಲ. ಪಾಣಿಪತ್‌ನ ಅಗ್ಗದ ರಗ್ಗಿನ ಎದುರು ನಿಮ್ಮ ಕುಣಿಮಗ್ಗ ಎಷ್ಟು ದಿನ?

ಹಸಿರೆಲೆ_ವೀಗನ್
ಕುರಿ ಉಣ್ಣೆ ಕುರಿಗೇ ಇರಲಿ. ಆಸ್ಟ್ರೇಲಿಯಾದಲ್ಲಿ ಮೆರಿನೊ ತಳಿ ಕುರಿಮರಿಗಳ ಬಾಲದ ಸುತ್ತ ಚರ್ಮ ಕೆತ್ತಿ ತೆಗೀತಾರೆ, ಮ್ಯುಲ್ಸಿಂಗ್ ಅಂತ. ಚರ್ಮ, ಎಲುಬು ಮಾರಾಟವಾದಷ್ಟೂ ಕಸಾಯಿಖಾನೆಗೆ ಲಾಭ. ಸುಸ್ಥಿರ ಅಂತ ಚೀಟಿ ಅಂಟಿಸಿದ್ರೆ ಲೆಕ್ಕ ಬದಲಾಗಲ್ಲ.

ಟ್ಯಾನರಿರೋಡ್_ಹಳಬ
ಲಾಭದ ಮಾತು ಸುಳ್ಳಲ್ಲ, ತೊಗಲಿಗೆ ಬೆಲೆ ಇದ್ದಾಗ ವ್ಯಾಪಾರಿ ಅದನ್ನೂ ಲೆಕ್ಕ ಹಿಡೀತಿದ್ದ. ಈಗ ಕುರಿ ತೊಗಲು ಕೇಳೋರು ಕಡಿಮೆ. ಉಪ್ಪು ಹಚ್ಚದೆ ಬಿಟ್ಟ ತೊಗಲು ಒಂದೇ ದಿನಕ್ಕೆ ನಾರಿ ಕೂದಲು ಬಿಡುತ್ತೆ, ಗುಂಡಿಗೆ ಹೋಗುತ್ತೆ. ಹಾಗಂತ ಯಾರಾದ್ರೂ ಮಾಂಸ ಬಿಟ್ರಾ? ನಿಮ್ಮ ವೀಗನ್ ಲೆದರ್ ಹೆಚ್ಚಾಗಿ ಪಿಯು, ಅಂದ್ರೆ ಪಾಲಿಯುರೆಥೇನ್, ಅದೂ ಪ್ಲಾಸ್ಟಿಕ್ಕೇ. ಕ್ರೋಮಿಯಂ ಉಪ್ಪಲ್ಲಿ ತೊಗಲು ಹದ ಮಾಡಿದ ನೀರು ಹಳ್ಳ ಕೆಡಿಸಿದ್ದು ನಿಜ, ಅದನ್ನ ಸಮರ್ಥಿಸಲ್ಲ. ತಂಗಡಿ ತೊಗಟೆ, ಅಳಲೆಕಾಯಲ್ಲಿ ಹದ ಮಾಡೋಕೆ ವಾರಗಟ್ಟಲೆ ಬೇಕು, ಕ್ರೋಮಿಗೆ ಒಂದೆರಡು ದಿನ. ಬಾಡಿಗೆ ಕಟ್ಟೋನು ಯಾವುದನ್ನ ಆರಿಸ್ತಾನೆ ಹೇಳಿ.

ಹಸಿರೆಲೆ_ವೀಗನ್
ನಾನು ಬಟ್ಟೆ ಚಪ್ಪಲಿ ಹಾಕೋದು. ಮ್ಯುಲ್ಸಿಂಗ್‌ಗೆ ಉತ್ತರ ಬಂದಿಲ್ಲ.

ಚಳ್ಳಕೆರೆ_ಹುಡ್ಗ
ನಮ್ ಕುರಿಗೆ ಅದಿಲ್ಲ. ಮೆರಿನೊ ಚರ್ಮ ಸುಕ್ಕು ಸುಕ್ಕು, ನೊಣ ಮೊಟ್ಟೆ ಇಟ್ಟು ಹುಳ ಬೀಳುತ್ತೆ ಅಂತ ಅಲ್ಲಿ ಮಾಡ್ತಾರೆ. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಕೈಕತ್ತರಿ, ಅಷ್ಟೇ. ಕತ್ತರಿಸದೆ ಬಿಟ್ರೆ ಸೆಕೆಗೆ ಕುರಿಗೇ ಕಷ್ಟ. ಉಣ್ಣೆ ಹೋಗಲ್ಲ ಅಂತ ಜನ ಎಳಗ, ಬನ್ನೂರು ತಳಿ ಕಡೆ ವಾಲ್ತಿದ್ದಾರೆ, ಅವು ಮಾಂಸಕ್ಕೆ ಮಾತ್ರ. ನೀವು ಉಣ್ಣೆ ಬೇಡ ಅಂದಷ್ಟೂ ಕುರಿ ಬೇಗ ಕಟುಕನ ಹತ್ರ ಹೋಗುತ್ತೆ. ಇಷ್ಟನಾ?

ಹಸಿರೆಲೆ_ವೀಗನ್
ಉಣ್ಣೆ ಕೊಟ್ಟ ಕುರಿಯೂ ಕೊನೆಗೆ ಅಲ್ಲಿಗೇ ಹೋಗೋದಲ್ವಾ.

ಕೊಟ್ಟಿಗೆ_ಡಾಕ್ಟರು
ಅದು ಮುಗಿಯದ ವಾದ, ಬಿಡಿ. ಉಣ್ಣೆಗೆ ಬರೋಣ. ಹೊಟ್ಟೆ, ಕಾಲಿನದ್ದು ಗಿಡ್ಡ, ಹಿಕ್ಕೆ ಅಂಟಿರುತ್ತೆ, ನೂಲಿಗೆ ಬರಲ್ಲ. ಅದು ಮಹಡಿ ತೋಟಕ್ಕೆ. ಬೆನ್ನು, ಪಕ್ಕೆಯದ್ದು ಮಗ್ಗಕ್ಕೆ. ಕತ್ತರಿಸೋ ಜಾಗದಲ್ಲೇ ಬೇರ್ಪಡಿಸಬೇಕು, ಚೀಲದಲ್ಲಿ ಬೆರೆತ ಮೇಲೆ ಆರಿಸೋಕೆ ಯಾರಿಗೂ ತಾಳ್ಮೆ ಇರಲ್ಲ.

ಬಿನ್ನಿಪೇಟೆ_ಮೊಮ್ಮಗ
ಕತ್ತರಿಸೋ ಕೂಲಿಗೇ ಉಣ್ಣೆ ಬೆಲೆ ಸಾಲದೆ ಎಸೀತಿರೋದು. ಬೇರ್ಪಡಿಸೋ ಕೂಲಿ ಯಾರು ಕೊಡ್ತಾರೆ? ನನ್ನ ಕೇಳಿದ್ರೆ ದುಡ್ಡಿರೋದು ಫೆಲ್ಟಲ್ಲಿ, ಅಂದ್ರೆ ನೇಯದೆ ಎಳೆಗಳನ್ನೇ ಒಂದಕ್ಕೊಂದು ಹೆಣೆದು ಮಾಡೋ ದಪ್ಪ ಹಾಳೆ. ವೈಟ್‌ಫೀಲ್ಡ್ ಆಫೀಸುಗಳ ಗಾಜಿನ ಮೀಟಿಂಗ್ ರೂಮಲ್ಲಿ ಮಾತಾಡಿದ್ದೆಲ್ಲ ಮಾರ್ದನಿ, ಗೋಡೆಗೆ ಪಾಲಿಯೆಸ್ಟರ್ ಹಲಗೆ ಬಡೀತಾರೆ. ಉಣ್ಣೆ ಸದ್ದು ಹೀರುತ್ತೆ, ಬೇಗ ಬೆಂಕಿ ಹಿಡಿಯಲ್ಲ, ಹಿಡಿದ್ರೂ ಕರಗಿ ತೊಟ್ಟಿಕ್ಕಲ್ಲ. ನೂಲೋ ಕೆಲಸವೂ ಇಲ್ಲ.

ಚಳ್ಳಕೆರೆ_ಹುಡ್ಗ
ನೂಲೋ ಕೆಲಸ ಇಲ್ಲ ಅಂತ ಖುಷಿಯಾಗಿ ಹೇಳ್ತೀರಲ್ಲ, ನೂಲೋರು ನಮ್ ಮನೆ ಹೆಂಗಸ್ರು. ಆದ್ರೂ ನಿಜ ಹೇಳ್ತೀನಿ, ರಾಟೆ ಮುಂದೆ ಈಗ ಅಜ್ಜೀರೇ ಕೂತಿರೋದು, ಅವರ ಮೊಮ್ಮಕ್ಕಳು ಪೀಣ್ಯದ ಗಾರ್ಮೆಂಟ್ಸಲ್ಲಿದ್ದಾರೆ. ಬೆನ್ನಿನ ಉಣ್ಣೆ ಮಗ್ಗಕ್ಕೆ ಬಿಟ್ಟು ಫೆಲ್ಟ್ ಮಾಡೋದಾದ್ರೆ ನನ್ನ ತಕರಾರಿಲ್ಲ. ಗಿಡ್ಡ ಉಣ್ಣೆ ಫೆಲ್ಟಿಗೆ ನಡೆಯುತ್ತಾ ಡಾಕ್ಟ್ರೇ?

ಕೊಟ್ಟಿಗೆ_ಡಾಕ್ಟರು
ತೀರಾ ಗಿಡ್ಡ ಅಲ್ಲದಿದ್ರೆ ಸೂಜಿ ಚುಚ್ಚಿ ಎಳೆ ಹೆಣೆಯೋ ಸೂಜಿ ಫೆಲ್ಟಿಗೆ ನಡೆಯುತ್ತೆ. ಚೆನ್ನಾಗಿ ತೊಳೆದಿರಬೇಕು. ಚಳ್ಳಕೆರೆಯಲ್ಲಿ ಅಷ್ಟು ನೀರು ಎಲ್ಲಿಂದ ತರ್ತೀರಿ ಅಂತ ನಾನು ಕೇಳ್ತೀನಿ, ನೀವು ಬೈಯ್ಯಿರಿ.