ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ದೂರ: ನನ್ನ ಲೆಕ್ಕದಲ್ಲಿ ಬರೀ 5,175 ಕಿ.ಮೀ.!

ಎಕ್ಸೆಲ್_ಪೇಚು:
ಅಕ್ಷಾಂಶ-ರೇಖಾಂಶದಿಂದ ದೂರ ಕಂಡುಹಿಡಿಯುವ ಹಾವರ್‌ಸೈನ್ ಸೂತ್ರ ಹಾಕಿದೆ, 5,175 ಬಂತು. ತಪ್ಪು ಅಂತ ಗೊತ್ತು, ಎಲ್ಲಿ ಅಂತ ಗೊತ್ತಾಗ್ತಿಲ್ಲ. ಬೆಂಗಳೂರು 13.20, 77.71, ಅಲ್ಲಿಯದು 37.62, 122.38. ಇನ್ನೊಂದು ಪ್ರಶ್ನೆ: 2021ರಲ್ಲಿ ಏರ್ ಇಂಡಿಯಾ ನೇರ ವಿಮಾನ ಶುರುವಾದಾಗಿನ ವೇಳೆ ಹೀಗಿದೆ. ಇಲ್ಲಿಂದ ಮಧ್ಯಾಹ್ನ 2.30ಕ್ಕೆ ಹೊರಟರೆ ಅದೇ ದಿನ ಸಂಜೆ 5ಕ್ಕೆ ಅಲ್ಲಿ. ಅಲ್ಲಿಂದ ರಾತ್ರಿ 8.30ಕ್ಕೆ ಹೊರಟರೆ ಮೂರನೇ ದಿನ ಬೆಳಗಿನ ಜಾವ 3.45ಕ್ಕೆ ಇಲ್ಲಿ. ನಿಜವಾಗಿ ಎಷ್ಟು ಗಂಟೆ ಪ್ರಯಾಣ?

ಅಕ್ಷಾಂಶ:
ಮೈನಸ್ ಬಿಟ್ಟಿದ್ದೀರಿ. ಸ್ಯಾನ್ ಫ್ರಾನ್ಸಿಸ್ಕೊ ಪಶ್ಚಿಮ ರೇಖಾಂಶ, ಹಾಗಾಗಿ -122.38. ಪ್ಲಸ್ ಇದ್ದರೆ ನಿಮ್ಮ ವಿಮಾನ ಇಳಿಯೋದು ಚೀನಾದ ಶಾಂಡಾಂಗ್ ಕರಾವಳಿ ಹತ್ತಿರದ ಸಮುದ್ರದಲ್ಲಿ! ಸರಿಪಡಿಸಿದರೆ ಭೂಕೇಂದ್ರದಲ್ಲಿ ಸುಮಾರು 125.8 ಡಿಗ್ರಿ ಕೋನ ಬರುತ್ತೆ. ಡಿಗ್ರಿಗೆ 111.2 ಕಿ.ಮೀ.ನಂತೆ ಗುಣಿಸಿದರೆ 13,990 ಚಿಲ್ಲರೆ, ಅಂದರೆ ಹತ್ತಿರ ಹತ್ತಿರ 7,550 ನಾಟಿಕಲ್ ಮೈಲು.

ಗಾಳಿ_ಲೆಕ್ಕ:
ಸಮಯಕ್ಕೆ ಬರೋಣ. ಎರಡೂ ಗಡಿಯಾರವನ್ನು ಒಂದೇ ಊರಿನದು ಮಾಡಿಕೊಳ್ಳಿ. ಚಳಿಗಾಲದಲ್ಲಿ ವ್ಯತ್ಯಾಸ ಹದಿಮೂರೂವರೆ ಗಂಟೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿಡೋದರಿಂದ ಹನ್ನೆರಡೂವರೆ. ಹೆಚ್ಚಿನವರು ಎಡವೋದು ಇಲ್ಲೇ.

ಚಳಿಗಾಲದ ಲೆಕ್ಕ ಹಿಡಿದರೆ, ಇಲ್ಲಿ ಮಧ್ಯಾಹ್ನ 2.30 ಅಂದರೆ ಅಲ್ಲಿ ರಾತ್ರಿ 1. ಸಂಜೆ 5ರವರೆಗೆ 16 ಗಂಟೆ. ವಾಪಸ್ ಹೊರಡುವ ರಾತ್ರಿ 8.30 ಅಂದರೆ ನಮ್ಮ ಮರುದಿನ ಬೆಳಿಗ್ಗೆ 10. ಅಲ್ಲಿಂದ 17 ಗಂಟೆ 45 ನಿಮಿಷ. ಇದು ಗೇಟ್‌ನಿಂದ ಗೇಟ್‌ಗೆ ಲೆಕ್ಕ, ವಿಮಾನ ರನ್‌ವೇಗೆ ಹೋಗಿ ಬರೋ ಹೊತ್ತೂ ಸೇರಿ.

14,000 ಕಿ.ಮೀ.ಯನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿದರೆ ಹದಿನೈದೂವರೆ ಗಂಟೆ, ಎರಡೂ ಕಡೆಗೆ ಒಂದೇ. ದೂರ ಲೆಕ್ಕ ಹಾಕೋ ಜಾಲತಾಣಗಳು ತೋರಿಸೋದೂ ಅದೇ, ಗಾಳಿ ಅವಕ್ಕೆ ಲೆಕ್ಕಕ್ಕಿಲ್ಲ. ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದ ಜೋರು ಗಾಳಿ, ಬೀಸೋದು ಪಶ್ಚಿಮದಿಂದ ಪೂರ್ವಕ್ಕೆ. ಪೆಸಿಫಿಕ್ ಮೇಲೆ ಹೋಗುವಾಗ ಅದು ಬೆನ್ನಿಗಿರುತ್ತೆ, ಹಾಗಾಗಿ ದಾರಿ ಒಂದಿಷ್ಟು ಸುತ್ತಾದರೂ ಬೇಗ ತಲುಪಬಹುದು.

ಅಕ್ಷಾಂಶ:
ಇನ್ನೊಂದು ಮಾತು. ಗೋಳದ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು ನೋಡಿ, ಅದೇ ಅತಿ ಹತ್ತಿರದ ದಾರಿ, ಅದು 71 ಡಿಗ್ರಿ ಉತ್ತರದವರೆಗೂ ಏರುತ್ತೆ. ಆದರೆ ವಿಮಾನ ದಾರದ ಮೇಲೇ ಹೋಗಲ್ಲ. ದಾರಿಯಲ್ಲಿ ಟಿಬೆಟ್ ಇದೆ. ಕ್ಯಾಬಿನ್ ಒತ್ತಡ ಬಿದ್ದರೆ 10,000 ಅಡಿಗೆ ಇಳೀಬೇಕು, ಅಲ್ಲಿ ನೆಲವೇ ಸುಮಾರು 15,000 ಅಡಿ ಎತ್ತರದಲ್ಲಿದೆ. ಮಾಸ್ಕ್‌ನ ಆಮ್ಲಜನಕ ಬರೋದು ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸು. ಅದಕ್ಕೇ ಸುತ್ತು ಬಳಸಿ ಹೋಗ್ತಾರೆ. 2021ರ ಜನವರಿ 9ರಂದು ಅಲ್ಲಿಂದ ಹೊರಟ ಮೊದಲ ವಿಮಾನ ಉತ್ತರ ಧ್ರುವದ ಮೇಲಿಂದಲೇ ಬಂತು.

ಎಕ್ಸೆಲ್_ಪೇಚು:
ಮೈನಸ್ ಹಾಕಿದೆ, 13,988 ಬಂತು. ಥ್ಯಾಂಕ್ಸ್ ಇಬ್ಬರಿಗೂ. ನಡುವೆ ವಿಮಾನ ಬದಲಿಸಿದರೆ ದೂರ ಎಷ್ಟಾಗುತ್ತೆ?

ಗಾಳಿ_ಲೆಕ್ಕ:
ದುಬೈ ಮೂಲಕ 2,700 + 13,020. ಫ್ರಾಂಕ್‌ಫರ್ಟ್ ಮೂಲಕ 7,400 + 9,150. ದುಬೈ ದಾರಿ ಎಂಟುನೂರು ಕಿ.ಮೀ. ಕಡಿಮೆ, ಆದರೆ ಎರಡನೇ ವಿಮಾನದಲ್ಲಿ ಕೂರೋದು ತುಂಬಾ ಹೊತ್ತು. ಮಂಡಿನೋವಿನ ಅಪ್ಪ-ಅಮ್ಮನನ್ನು ಕಳಿಸೋದಾದರೆ ಫ್ರಾಂಕ್‌ಫರ್ಟ್ ವಾಸಿ. ಜರ್ಮನಿಯ ಟ್ರಾನ್ಸಿಟ್ ವೀಸಾ ನಿಯಮ ಮಾತ್ರ ಟಿಕೆಟ್ ತಗೊಳ್ಳೋ ಮೊದಲೇ ನೋಡಿಕೊಳ್ಳಿ.