‘ಉಪವಿಭಾಗಾಧಿಕಾರಿ’ ಪದದಲ್ಲಿ ಈ ‘ಉಪ’ ಯಾರಿಗೆ ಸೇರಿದ್ದು?

ಎಲ್ರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳೋಣ ಅಂತ ಬರೆಯೋಕೆ ಕೂತೆ, ಅದರ ಹಿಂದೆ ಇನ್ನೂ ಮೂರ್ನಾಲ್ಕು ಪದ ಬಂದು ನಿಂತ್ಕೊಂಡ್ವು, ಹಾಗಾಗಿ ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಬೀದೀಲಿ ಒಬ್ರು ಅಜ್ಜಿ ಇದ್ದಾರೆ. ಕೊನೇವರೆಗೂ ನೋಡ್ಕೋಬೇಕು ಅನ್ನೋ ಷರತ್ತು ಬರೆಸಿ ಮನೇನ ಮಗನಿಗೆ ದಾನಪತ್ರ ಮಾಡಿಕೊಟ್ರು, ಮಗ ನೋಡ್ಕೊಳ್ಳಲಿಲ್ಲ. ಇಂಥ ದಾನಪತ್ರಾನ ರದ್ದು ಮಾಡಿಸೋಕೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಇದೆ, ಅದಕ್ಕೆ ನ್ಯಾಯಮಂಡಳಿ ಇದೆ, ನಮ್ಮ ರಾಜ್ಯದಲ್ಲಿ ಆ ನ್ಯಾಯಮಂಡಳಿಗೆ ಅಧ್ಯಕ್ಷರು ಎಸಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್, ಕನ್ನಡದಲ್ಲಿ ಉಪವಿಭಾಗಾಧಿಕಾರಿ. ನಾನು ಅರ್ಜಿ ಬರೆದು ‘ಮಾನ್ಯ ಉಪ ವಿಭಾಗಾಧಿಕಾರಿಗಳವರಿಗೆ’ ಅಂತ ಓದಿ ಹೇಳಿದೆ. ಅಜ್ಜಿ ತಕ್ಷಣ, “ಉಪ ಅಂದ್ರೆ ಕೈಕೆಳಗಿನೋರಲ್ವೇನಪ್ಪಾ, ದೊಡ್ಡ ವಿಭಾಗಾಧಿಕಾರಿ ಅಂತ ಒಬ್ರು ಇರ್ತಾರಲ್ಲ, ಬರೆಯೋದೇ ಆದ್ರೆ ಅವ್ರಿಗೇ ಬರಿ” ಅಂದ್ರು. ನನಗೆ ಉತ್ತರ ಗೊತ್ತಿತ್ತು, ಆದ್ರೆ ಆ ಪದ ಇಟ್ಕೊಂಡು ಉತ್ತರ ಕೊಡೋಕೆ ಆಗಲಿಲ್ಲ. ಅಜ್ಜಿ ಕನ್ನಡ ಸರಿಯಾಗೇ ಅರ್ಥ ಮಾಡ್ಕೊಂಡಿದ್ರು, ತಪ್ಪು ಪದದ ಕಡೆಯಿಂದ ಆಗಿತ್ತು ಅಂತ ನನಗೆ ಅನ್ಸತ್ತೆ.

ಯಾಕಂದ್ರೆ ಅದು ‘ಉಪ + ವಿಭಾಗಾಧಿಕಾರಿ’ ಅಲ್ಲ, ‘ಉಪವಿಭಾಗ + ಅಧಿಕಾರಿ’. ಜಿಲ್ಲೆಯನ್ನ ಒಡೆದ್ರೆ ಉಪವಿಭಾಗ, ಅದರ ಯಜಮಾನಿಕೆ ಇವರದ್ದು. ನಡುವೆ ಒಂದು ಜಾಗ ಬಿಟ್ಟು ‘ಉಪ ವಿಭಾಗಾಧಿಕಾರಿ’ ಅಂತ ಬರೆದ ಕೂಡಲೇ ಅವರು ಇನ್ಯಾರದೋ ಸಹಾಯಕರಾಗಿಬಿಡ್ತಾರೆ. ಹಾಗಂತ ಕೂಡಿಸಿ ಬರೆದ್ರೂ ಪೂರ್ತಿ ಬಗೆಹರಿಯಲ್ಲ. ಉಪಲೋಕಾಯುಕ್ತ, ಉಪನೋಂದಣಾಧಿಕಾರಿ, ಉಪತಹಶೀಲ್ದಾರ್ ಇವೆಲ್ಲಾ ಕೂಡಿಸಿಯೇ ಬರೆಯೋ ಪದಗಳು, ಅಲ್ಲೆಲ್ಲಾ ‘ಉಪ’ ಮನುಷ್ಯನಿಗೆ ಅಂಟಿದೆ, ಜಾಗಕ್ಕಲ್ಲ. ಇದೊಂದ್ರಲ್ಲಿ ಮಾತ್ರ ಜಾಗಕ್ಕೆ. ಓದೋರಿಗೆ ಹೇಗೆ ಗೊತ್ತಾಗಬೇಕು?

ಇನ್ನೂ ಒಂದು ತೊಡಕು. ನಮ್ಮಲ್ಲಿ ‘ವಿಭಾಗ’ ಅನ್ನೋದು ಜಿಲ್ಲೆಗಿಂತ ಮೇಲಿನದು, ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಅಂತ ನಾಲ್ಕು ವಿಭಾಗ, ಒಂದೊಂದಕ್ಕೂ ಒಬ್ಬರು ಪ್ರಾದೇಶಿಕ ಆಯುಕ್ತರು, ಹಿಂದೆ ಅವರನ್ನ ವಿಭಾಗೀಯ ಆಯುಕ್ತರು ಅಂತಿದ್ರು. ಆದ್ರೆ ‘ಉಪವಿಭಾಗ’ ಅನ್ನೋದು ಜಿಲ್ಲೆಗಿಂತ ಕೆಳಗಿನದು. ಅಂದ್ರೆ ಮೇಲೆ ವಿಭಾಗ, ನಡುವೆ ಜಿಲ್ಲೆ, ಅದರ ಕೆಳಗೆ ಉಪವಿಭಾಗ, ಆಮೇಲೆ ತಾಲ್ಲೂಕು, ಹೋಬಳಿ. ಅಜ್ಜಿ ಹೇಳಿದ ‘ದೊಡ್ಡ ವಿಭಾಗಾಧಿಕಾರಿ’ನ ಹುಡುಕ್ಕೊಂಡು ಹೋದ್ರೆ ಪ್ರಾದೇಶಿಕ ಆಯುಕ್ತರ ಕಚೇರಿ ಸಿಗತ್ತೆ, ಅವರಿಗೂ ಆ 2007ರ ಕಾಯ್ದೆಗೂ ಸಂಬಂಧ ಇಲ್ಲ. ಎಸಿ ಆದೇಶ ಒಪ್ಪಿಗೆ ಆಗದಿದ್ರೆ 60 ದಿನದೊಳಗೆ ಡಿಸಿ, ಅಂದ್ರೆ ಜಿಲ್ಲಾಧಿಕಾರಿ ಹತ್ರ ಮೇಲ್ಮನವಿ, ಅಷ್ಟೇ.

ಸರಿ, ಹಾಗಾದ್ರೆ ‘ಸಹಾಯಕ ಆಯುಕ್ತ’ ಅನ್ನೋಣ ಅಂದ್ರೆ, ಅದೂ ಬೋರ್ಡಿನಲ್ಲಿ ಇರತ್ತೆ, ಅಸಿಸ್ಟೆಂಟ್ ಕಮಿಷನರ್ ಅನ್ನೋದರ ನೇರ ಕನ್ನಡ, 1964ರ ಭೂಕಂದಾಯ ಕಾಯ್ದೆಯಲ್ಲಿರೋ ಹುದ್ದೆಯ ಹೆಸರು ಅದೇ. ಆದ್ರೆ ವಾಣಿಜ್ಯ ತೆರಿಗೆಯಲ್ಲೂ ಸಹಾಯಕ ಆಯುಕ್ತರು ಇದ್ದಾರೆ, ಪೊಲೀಸಿನಲ್ಲಿ ಎಸಿಪಿ ಇದ್ದಾರೆ. ಡೆಪ್ಯೂಟಿ ಕಮಿಷನರ್ ಕಥೆಯಂತೂ ಇನ್ನೂ ವಿಚಿತ್ರ. ತೆರಿಗೆ ಇಲಾಖೆಯ ಡೆಪ್ಯೂಟಿ ಕಮಿಷನರ್ ಆದ್ರೆ ‘ಉಪ ಆಯುಕ್ತ’, ಜಿಲ್ಲೆಯ ಡೆಪ್ಯೂಟಿ ಕಮಿಷನರ್ ಆದ್ರೆ ‘ಜಿಲ್ಲಾಧಿಕಾರಿ’. ಇಂಗ್ಲಿಷಿನಲ್ಲಿ ಒಂದೇ ಹೆಸರು, ಕನ್ನಡದಲ್ಲಿ ಎರಡು. ಇಲ್ಲಿ ಮಾತ್ರ ಕನ್ನಡವೇ ಜನಕ್ಕೆ ಹೆಚ್ಚು ಉಪಕಾರ ಮಾಡಿದೆ ಅಂತೀನಿ ನಾನು, ‘ಜಿಲ್ಲೆಯ ಉಪ ಆಯುಕ್ತ’ ಅಂದಿದ್ರೆ ಇಡೀ ಜಿಲ್ಲೆಗೆ ಮೇಲಿರೋರು ಅಂತ ಯಾರಿಗೂ ಅನ್ನಿಸ್ತಿರಲಿಲ್ಲ.

ಅಷ್ಟಕ್ಕೂ ಜಿಲ್ಲೆಯ ಮುಖ್ಯಸ್ಥರು ಯಾರಿಗೆ ‘ಡೆಪ್ಯೂಟಿ’? ಇದಕ್ಕೆ ಹಳೇ ಮೈಸೂರಿನ ಚರಿತ್ರೆಗೆ ಹೋಗಬೇಕು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕೈಗೆ ತಗೊಂಡು ಕಮಿಷನ್ ಮಾಡಿದ್ರು, 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರ್, ಆಮೇಲೆ ಬೌರಿಂಗ್. ಆ ಕಾಲದಲ್ಲೇ ವಿಭಾಗ, ಜಿಲ್ಲೆ ಅಂತ ಹೊಸದಾಗಿ ಜೋಡಿಸಿ ಜಿಲ್ಲೆಗೊಬ್ಬ ಡೆಪ್ಯೂಟಿ ಬಂದ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂತು, ಚೀಫ್ ಕಮಿಷನರ್ ಜಾಗಕ್ಕೆ ದಿವಾನ್ ರಂಗಾಚಾರ್ಲು ಬಂದ್ರು. ಮೇಲಿನ ಕಮಿಷನರ್ ಹೋದ್ರು, ಕೆಳಗಿನ ಡೆಪ್ಯೂಟಿ ಹಾಗೇ ಉಳ್ಕೊಂಡ್ರು! ಇವತ್ತು ಪ್ರಾದೇಶಿಕ ಆಯುಕ್ತರಿಗೆ ಡಿಸಿ ಅಧೀನ ಅಂತ ಭೂಕಂದಾಯ ಕಾಯ್ದೆ ಹೇಳತ್ತೆ, ಆದ್ರೆ ನಮ್ಮ ಬಾಯಲ್ಲಿರೋ ‘ಡಿಸಿ’ ಆ ಕಮಿಷನ್ ಕಾಲದ ಉಳಿಕೆ.

ಬೇರೆ ಸೀಮೆಯೋರಿಗೆ ಇದು ಹೊಸ ಹೆಸರು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ವು, ಅಲ್ಲಿ ಕಲೆಕ್ಟರ್, ಅವರ ಕೆಳಗೆ ಪ್ರಾಂತ ಸಾಹೇಬ, ತಾಲ್ಲೂಕಿಗೆ ಮಾಮಲೇದಾರ. ಮಂಗಳೂರು, ಬಳ್ಳಾರಿ ಮದ್ರಾಸಿಗೆ ಸೇರಿದ್ವು, ಅಲ್ಲಿ ಕಲೆಕ್ಟರ್, ತಹಶೀಲ್ದಾರ್. ನಿಜಾಮರ ಸೀಮೆಯಲ್ಲಿ ಜಿಲ್ಲೆಯ ಮುಖ್ಯಸ್ಥನಿಗೆ ಅವ್ವಲ್ ತಾಲೂಕ್‌ದಾರ ಅಂತ ಹೆಸರು, ತಾಲೂಕ್‌ದಾರ ಅಂದ ಮಾತ್ರಕ್ಕೆ ತಾಲ್ಲೂಕಿನೋರು ಅಂತ ತಿಳ್ಕೊಂಡ್ರೆ ತಪ್ಪಾಗತ್ತೆ. ಕೊಡಗಿನಲ್ಲಿ ತಾಲ್ಲೂಕಿಗೆ ಸುಬೇದಾರ, ಅದರ ಕೆಳಗೆ ಪಾರುಪತ್ತೇಗಾರ. ನಮ್ಮ ಕಡೆ ಅಮಲ್ದಾರ, ನಮ್ಮ ತಾತ ಕೊನೇವರೆಗೂ ‘ಅಮಲ್ದಾರ್ ಕಚೇರಿ’ ಅಂತಲೇ ಅಂತಿದ್ರು. 1956ರಲ್ಲಿ ಎಲ್ಲಾ ಒಂದಾದ ಮೇಲೆ 1964ರ ಕಾಯ್ದೆ ಮೈಸೂರಿನ ಡೆಪ್ಯೂಟಿ ಕಮಿಷನರನ್ನೂ ಮದ್ರಾಸ್, ಹೈದರಾಬಾದ್ ಕಡೆಯ ತಹಶೀಲ್ದಾರನ್ನೂ ಇಡೀ ರಾಜ್ಯಕ್ಕೆ ಖಾಯಂ ಮಾಡ್ತು.

ಇನ್ನೊಂದು ಸಂಗತಿ ನೋಡಿ, ತಹಶೀಲ್ ಅನ್ನೋ ಅರಬ್ಬಿ ಪದಕ್ಕೆ ವಸೂಲಿ ಅಂತ ಅರ್ಥ, ಹಾಗಾಗಿ ತಹಶೀಲ್ದಾರ್ ಅಂದ್ರೂ ಕಲೆಕ್ಟರ್ ಅಂದ್ರೂ ಅರ್ಥ ಒಂದೇ, ವಸೂಲಿ ಮಾಡೋನು. ಅಮಲ್ದಾರ, ಮಾಮಲೇದಾರ ಎರಡೂ ‘ಅಮಲ್’ ಅನ್ನೋ ಒಂದೇ ಧಾತುವಿನ ಮಕ್ಕಳು, ‘ಕಾಯ್ದೆ ಅಮಲಿಗೆ ಬಂತು’ ಅಂತೀವಲ್ಲ ಅದೇ ಅಮಲು. ಜಿಲ್ಲೆ ಕೂಡ ಅರಬ್ಬಿಯದೇ, ಮೂಲದಲ್ಲಿ ಪಕ್ಕೆಲುಬು, ಬದಿ ಅಂತ ಅರ್ಥ. ಅದಕ್ಕೆ ಸಂಸ್ಕೃತದ ಅಧಿಕಾರಿಯನ್ನ ಸವರ್ಣದೀರ್ಘ ಸಂಧಿ ಮಾಡಿ ಕೂಡಿಸಿದ್ದಾರೆ. ಅರಿಸಮಾಸ ಅಂತ ಪಂಡಿತರು ಬೈದ್ರೂ ಜನ ಒಪ್ಪಿಕೊಂಡಾಯ್ತು, ನನಗೂ ಅದರ ಬಗ್ಗೆ ತಕರಾರಿಲ್ಲ.

‘ಆಯುಕ್ತ’ ಮಾತ್ರ ಸರ್ಕಾರ ಈಚೆಗೆ ಟಂಕಿಸಿದ್ದು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಹಾಗಲ್ಲ. ಆಯುಕ್ತ ಅಂದ್ರೆ ನೇಮಿಸಲ್ಪಟ್ಟವನು. ಸಮುದ್ರಗುಪ್ತನ ಅಲಹಾಬಾದ್ ಸ್ತಂಭಶಾಸನದಲ್ಲಿ ‘ಆಯುಕ್ತಪುರುಷ’ ಅಂತ ಬರತ್ತೆ. ಅದಕ್ಕೂ ಹಿಂದೆ, ಅಶೋಕನ ಮೂರನೇ ಬಂಡೆಶಾಸನದಲ್ಲಿ ‘ಯುತ’ರು, ‘ರಾಜುಕ’ರು, ‘ಪ್ರಾದೇಶಿಕ’ರು ಐದು ವರ್ಷಕ್ಕೊಮ್ಮೆ ಸುತ್ತಾಟಕ್ಕೆ ಹೊರಡಬೇಕು ಅಂತ ಅಪ್ಪಣೆ ಇದೆ. ಯುತ ಅಂದ್ರೆ ಯುಕ್ತ. ಅಂದ್ರೆ ಪ್ರಾದೇಶಿಕನೂ ಅಲ್ಲೇ, ಯುಕ್ತನೂ ಅಲ್ಲೇ, ನಾವು ಇಬ್ಬರನ್ನ ಸೇರಿಸಿ ‘ಪ್ರಾದೇಶಿಕ ಆಯುಕ್ತ’ ಮಾಡಿದ್ದೀವಿ. ಇದನ್ನ ಮೊದಲು ಗಮನಿಸಿದಾಗ ನನಗೆ ಮೈ ಜುಂ ಅಂತು.

ಈಗ ನನಗೆ ನಿಜವಾಗಿ ಸಂಕಟ ಕೊಡೋ ಪದ, ‘ದಂಡಾಧಿಕಾರಿ’, ಅಂದ್ರೆ ಮ್ಯಾಜಿಸ್ಟ್ರೇಟ್. ತಹಶೀಲ್ದಾರರ ಮೊಹರಿನಲ್ಲಿ ‘ತಾಲ್ಲೂಕು ದಂಡಾಧಿಕಾರಿ’ ಅಂತ ಇರತ್ತೆ, ಡಿಸಿ ‘ಜಿಲ್ಲಾ ದಂಡಾಧಿಕಾರಿ’, ಎಸಿ ‘ಉಪವಿಭಾಗ ದಂಡಾಧಿಕಾರಿ’. ಹಳಗನ್ನಡದಲ್ಲಿ ದಂಡ ಅಂದ್ರೆ ಸೈನ್ಯವೂ ಹೌದು, ಹೊಯ್ಸಳರ ದಂಡನಾಯಕ ಗಂಗರಾಜ ಸೇನಾಪತಿ. ಈಗ ನಾವು ದಂಡ ಅಂದ್ರೆ ಫೈನು ಅಂತೀವಿ. ಆದ್ರೆ ಈ ಮೂರೂ ಜನಕ್ಕೆ ಅಪರಾಧ ವಿಚಾರಣೆ ಮಾಡಿ ಶಿಕ್ಷೆ ಕೊಡೋ ಅಧಿಕಾರ ಇಲ್ಲ! 1973ರ ದಂಡ ಪ್ರಕ್ರಿಯಾ ಸಂಹಿತೆ 1974ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಮ್ಯಾಜಿಸ್ಟ್ರೇಟರನ್ನ ನ್ಯಾಯಿಕ, ಕಾರ್ಯನಿರ್ವಾಹಕ ಅಂತ ಬೇರೆ ಮಾಡಿತು, ಶಿಕ್ಷೆ ಕೊಡೋದು ಕೋರ್ಟಿನಲ್ಲಿ ಕೂರೋ ನ್ಯಾಯಿಕ ದಂಡಾಧಿಕಾರಿ. ತಹಶೀಲ್ದಾರರು ಮಾಡೋದು ತಡೆಯೋ ಕೆಲಸ, ಗಲಾಟೆ ಆಗೋ ಹಾಗಿದ್ರೆ ಮುಚ್ಚಳಿಕೆ ಬರೆಸ್ಕೊಳ್ಳೋದು, ಜಮೀನಿನ ಸ್ವಾಧೀನದ ಜಗಳ ಶಾಂತಿಭಂಗದವರೆಗೆ ಹೋದ್ರೆ ಸದ್ಯ ಸ್ವಾಧೀನ ಯಾರದು ಅಂತ ನೋಡೋದು, ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ತೀರಿಕೊಂಡ್ರೆ ಶವ ಮಹಜರು ಮಾಡೋದು. ಮುಚ್ಚಳಿಕೆ ಕೊಡದಿದ್ರೆ ಜೈಲಿಗೆ ಕಳಿಸಬಹುದು ನಿಜ, ಆದ್ರೆ ಅದು ಅಪರಾಧಕ್ಕೆ ಕೊಟ್ಟ ಶಿಕ್ಷೆ ಅಲ್ಲ. ಎಷ್ಟೋ ಜನ ‘ದಂಡಾಧಿಕಾರಿಗಳು ಎದುರಿನೋರಿಗೆ ಶಿಕ್ಷೆ ಕೊಡ್ಲಿ’ ಅಂತ ಅರ್ಜಿ ಬರೆಸ್ಕೊಂಡು ತಾಲ್ಲೂಕು ಕಚೇರಿಗೆ ಅಲೀತಾರೆ, ಆ ಪದವೇ ಅವರಿಗೆ ಹಾಗೆ ಹೇಳಿರತ್ತೆ, ಅವರನ್ನ ಹೇಗೆ ದೂರೋದು?

ನಿಷೇಧಾಜ್ಞೆಯ ಸೆಕ್ಷನ್ 144 ಅಂತಿದ್ದದ್ದು ಈಗ 163 ಆಗಿದೆ, 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆಯಲ್ಲ, ಅದರ ಪ್ರಕಾರ. ಪೇಪರ್‌ನಲ್ಲಿ ‘ಜಿಲ್ಲಾಧಿಕಾರಿ ನಿಷೇಧಾಜ್ಞೆ ಹೊರಡಿಸಿದ್ದಾರೆ’ ಅಂತ ಬರೀತಾರೆ, ಸರಿಯಾಗಿ ಹೇಳಬೇಕಂದ್ರೆ ಹೊರಡಿಸೋರು ಜಿಲ್ಲಾ ದಂಡಾಧಿಕಾರಿ. ಮನುಷ್ಯ ಒಬ್ಬರೇ, ಆದ್ರೆ ಅಧಿಕಾರ ಕೊಟ್ಟ ಕಾಯ್ದೆ ಬೇರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ಥರದ ನಗರಗಳಲ್ಲಿ ಅದೇ ಆಜ್ಞೆಯನ್ನ ಪೊಲೀಸ್ ಆಯುಕ್ತರು ಹೊರಡಿಸ್ತಾರೆ, ಅಲ್ಲಿ ಆ ಅಧಿಕಾರ ಅವರಿಗಿದೆ. ಚುನಾವಣೆ ಬಂದಾಗ ಅದೇ ಡಿಸಿ ‘ಜಿಲ್ಲಾ ಚುನಾವಣಾಧಿಕಾರಿ’, ಆಗ ಅವರು ಚುನಾವಣಾ ಆಯೋಗಕ್ಕೆ ನಿಯೋಜನೆ ಮೇಲೆ ಇದ್ದಾರೆ ಅಂತಲೇ ಕಾಯ್ದೆ ಲೆಕ್ಕ ಹಾಕತ್ತೆ. ಭೂಪರಿವರ್ತನೆ, ಅಂದ್ರೆ ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸೋ ವಿಷಯದಲ್ಲಿ ಮತ್ತೆ ಬರೀ ಡಿಸಿ, ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್, ಅದಕ್ಕೇ ಬೆಂಗಳೂರಲ್ಲಿ ‘ಡಿಸಿ ಕನ್ವರ್ಷನ್’ ಅನ್ನೋದು, ಧಾರವಾಡದ ಕಡೆ ‘ಎನ್‌ಎ (ನಾನ್ ಅಗ್ರಿಕಲ್ಚರಲ್) ಮಾಡ್ಸೋದು’. 2005ರ ವಿಪತ್ತು ನಿರ್ವಹಣಾ ಕಾಯ್ದೆ ಬರೆದೋರು ಇದನ್ನ ಚೆನ್ನಾಗಿ ತಿಳ್ಕೊಂಡಿದ್ರು, ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಕಲೆಕ್ಟರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಡೆಪ್ಯೂಟಿ ಕಮಿಷನರ್ ಅಂತ ಮೂರೂ ಹೆಸರನ್ನ ಸಾಲಾಗಿ ಬರೆದಿದ್ದಾರೆ.

ಹುದ್ದೆ ಹೆಸರು ಇಷ್ಟಾದ್ರೆ, ಆ ಹುದ್ದೆಯೋರು ಏನು ಮಾಡಬೇಕು ಅಂತ ಹೇಳೋ ಕ್ರಿಯಾಪದದ ಬಗ್ಗೆಯೂ ಒಂದು ಮಾತು ಕೇಳ್ತೀನಿ. ನಮ್ಮ ಕಾಯ್ದೆಗಳ ಕನ್ನಡದಲ್ಲಿ ಕರ್ತವ್ಯ ಇದ್ದಲ್ಲಿ ‘ಮಾಡತಕ್ಕದ್ದು’, ಅಧಿಕಾರ ಇದ್ದಲ್ಲಿ ‘ಮಾಡಬಹುದು’. ‘ಬಹುದು’ ಎಲ್ರಿಗೂ ಅರ್ಥ ಆಗತ್ತೆ. ‘ತಕ್ಕದ್ದು’ ಅಂದ್ರೆ ಇವತ್ತಿನ ಓದುಗರಿಗೆ ‘ಯೋಗ್ಯವಾದದ್ದು’, ಮಾಡಿದ್ರೆ ಒಳ್ಳೇದು ಅನ್ನೋ ಸಲಹೆ ಥರ ಕೇಳತ್ತೆ. ನಾನೇ ನೋಡಿದ್ದೀನಿ, ಒಂದು ಕಚೇರಿಯ ಸಿಬ್ಬಂದಿ ‘ನೀಡತಕ್ಕದ್ದು ಅಂತ ಇದೆ, ನೀಡಲೇಬೇಕು ಅಂತೇನಿಲ್ಲ’ ಅಂತ ಒಬ್ಬ ರೈತರಿಗೆ ಹೇಳಿ ವಾಪಸ್ ಕಳಿಸಿದ್ರು. ಆ ರೈತರು ಹೌದೇನೋ ಅಂತ ನಂಬಿ ಹೊರಟ್ರು, ನಾನು ಹಿಂದೆ ಹೋಗಿ ನಿಲ್ಲಿಸ್ದೆ. ಕಾಯ್ದೆಯಲ್ಲಿ ತಕ್ಕದ್ದು ಅಂದ್ರೆ ಬೇಕೇ ಬೇಕು. ಅಷ್ಟೇ ಅಲ್ಲ, ಅಧಿಕಾರದ ಜೊತೆ ಕರ್ತವ್ಯ ಅಂಟಿಕೊಂಡಿದ್ದಾಗ ‘ಬಹುದು’ ಅನ್ನೋದನ್ನೂ ಕೋರ್ಟುಗಳು ‘ಬೇಕು’ ಅಂತ ಓದಿದ್ದಿದೆ. ‘ಭಾವಿಸತಕ್ಕದ್ದು’ ಇನ್ನೂ ಕಷ್ಟ. ಆ 95ನೇ ಸೆಕ್ಷನ್ನಿನಲ್ಲೇ ಬಹಳ ಕಾಲ ಇದ್ದ ಮಾತು, ನಾಲ್ಕು ತಿಂಗಳಲ್ಲಿ ಡಿಸಿ ತೀರ್ಮಾನ ತಿಳಿಸದಿದ್ರೆ ಅನುಮತಿ ಸಿಕ್ಕಿದೆ ಅಂತ ‘ಭಾವಿಸತಕ್ಕದ್ದು’. ಮಾಮೂಲಿ ಕನ್ನಡದಲ್ಲಿ ಭಾವಿಸೋದು ಅಂದ್ರೆ ಮನಸ್ಸಲ್ಲಿ ಅಂದ್ಕೊಳ್ಳೋದು. ಕಾಯ್ದೆಯಲ್ಲಿ ಅದು ಕಾನೂನಿನ ಬಲ ಇರೋ ಮಾತು, ಯಾರು ಏನು ಅಂದ್ಕೊಂಡ್ರು ಅನ್ನೋದಕ್ಕೆ ಅಲ್ಲಿ ಬೆಲೆ ಇಲ್ಲ. ‘ಸಿಕ್ಕಿದಂತೆಯೇ’ ಅಂತ ಬರೆದ್ರೆ ಸಾಲದೇ?

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಎಸಿಗೆ ‘ಉಪವಿಭಾಗದ ಅಧಿಕಾರಿ’ ಅಂತ ಬಿಡಿಸಿ, ‘ದ’ ಸೇರಿಸಿ ಬರೆದ್ರೆ ಗೊಂದಲ ಹೋಗತ್ತೆ, ಸಂಧಿ ಮಾಡಲೇಬೇಕು ಅಂತ ಯಾವ ವ್ಯಾಕರಣವೂ ಹಟ ಹಿಡಿದಿಲ್ಲ. ‘ತಕ್ಕದ್ದು’ ಬದಲು ‘ಬೇಕು’. ‘ದಂಡಾಧಿಕಾರಿ’ ಅನ್ನೋ ಪದವನ್ನ ಕೋರ್ಟಿನೋರಿಗೆ ಬಿಟ್ಟು, ಕಂದಾಯದೋರಿಗೆ ಬೇರೆ ಪದ ಬೇಕು, ನನಗೆ ‘ಶಾಂತಿಪಾಲನಾಧಿಕಾರಿ’ ಅಂತ ಒಂದು ಹೊಳೀತು, ಆದ್ರೆ ಶವ ಮಹಜರಿಗೆ ಅದು ಹೊಂದಲ್ಲ.

ಅಜ್ಜಿ ಅರ್ಜೀಲಿ ಕೊನೆಗೆ ‘ಅಧ್ಯಕ್ಷರು, ಹಿರಿಯ ನಾಗರಿಕರ ನ್ಯಾಯಮಂಡಳಿ’ ಅಂತ ಮೇಲೆ ಬರೆದು, ಅದರ ಕೆಳಗೆ ‘ಉಪವಿಭಾಗದ ಅಧಿಕಾರಿ’ ಅಂತ ಹಾಕ್ದೆ. ಅವರು ಎರಡು ಸಲ ಓದಿಸ್ಕೊಂಡು ಹೆಬ್ಬೆಟ್ಟು ಒತ್ತಿದ್ರು. ಗೊತ್ತಿರೋರು ಹೇಳಿ: ನಿಮ್ಮ ಕಡೆ ಎಸಿ ಸಾಹೇಬರನ್ನ ಹಳಬರು ಏನಂತ ಕರೀತಿದ್ರು? ಮುಂಬೈ ಕಡೆಯ ‘ಪ್ರಾಂತ’ ಬಿಟ್ರೆ ನನಗೆ ಇನ್ನೊಂದು ಹೆಸರು ಸಿಕ್ಕಿಲ್ಲ, ಹಳೇ ಮೈಸೂರಿನ ಹಳ್ಳಿ ಬಾಯಲ್ಲಿ ಏನಿತ್ತು? ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೆ ದಂಡ ಅನ್ನೋ ಮಾತಿಲ್ಲದ ಕನ್ನಡ ಪದ ಯಾರಾದ್ರೂ ಬಳಸಿದ್ದು ನೋಡಿದ್ದೀರಾ?